ರಜೆ ಮುಗಿಸಿ ಬಂದವರು ಮರಳುಗಾಡಿಗೆ ಮತ್ತೆ ಹೊಸಬರು

ಅಲ್ ಕೂಜ್ (ದುಬೈ): ಊರಿನಲ್ಲಿ ಆಟಿ ತಿಂಗಳ ಮಳೆ ಸುರಿಯುವ ಹೊತ್ತಿಗೆ ದುಬೈಯ ಬಿಸಿಲು ತುತ್ತತುದಿ ಮುಟ್ಟಿರುತ್ತದೆ. ಶೇಖ್ ಜಾಯೆದ್ ರಸ್ತೆ ಮತ್ತು ಅಲ್ ಖೈಲ್ ರಸ್ತೆಯ ನಡುವೆ ಹರಡಿರುವ ಅಲ್ ಕೂಜ್‌ನಲ್ಲಿ ಜುಲೈ, ಆಗಸ್ಟ್ ತಿಂಗಳ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಕೆಲವು ದಿನ 45ನ್ನೂ ಮೀರುತ್ತದೆ. ಗ್ಯಾರೇಜು, ಗೋದಾಮು, ವರ್ಕ್‌ಶಾಪು, ಲೇಬರ್ ಕ್ಯಾಂಪುಗಳ ಈ ಪ್ರದೇಶದಲ್ಲಿ ದುಡಿಯುವವರಲ್ಲಿ ನಮ್ಮವರೂ ಇದ್ದಾರೆ.

‘ರಾಯಚೂರಿನ ಬಿಸಿಲು ಕಂಡವನಿಗೆ ದುಬೈ ಯಾವ ಲೆಕ್ಕ’ ಎಂದು ಉತ್ತರ ಕರ್ನಾಟಕದವರು ಅನ್ನಬಹುದು. ‘ಮಂಗಳೂರಿನ ಸೆಕೆಯಲ್ಲಿ ಬೆಳೆದವನಿಗೆ ಇದೇನು ಹೊಸದೇ’ ಎಂದು ಕರಾವಳಿಯವರು ಕೇಳಬಹುದು. ಎರಡೂ ಅರ್ಧ ಸತ್ಯ. ರಾಯಚೂರಿನ ಬೇಸಿಗೆ ಒಣಹವೆಯದ್ದು, ಬೆವರು ಬಂದಷ್ಟೇ ಬೇಗ ಆರುತ್ತದೆ. ಮಂಗಳೂರಿನ ಗಾಳಿಯಲ್ಲಿ ತೇವ ಹೆಚ್ಚು, ಆದರೆ ಉಷ್ಣಾಂಶ 40ರ ಹತ್ತಿರ ಹೋಗುವುದು ಅಪರೂಪ. ಕಡಲ ಬದಿಯ ಮರಳುಗಾಡಾದ ದುಬೈಯಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ದೇಹವನ್ನು ತಣಿಸುವುದು ಬೆವರು ಸುರಿಯುವುದಲ್ಲ, ಬೆವರು ಆರುವುದು. ಆರದ ಬೆವರಿನಿಂದ ನೀರು, ಉಪ್ಪು ನಷ್ಟವಾಗುತ್ತದೆಯೇ ಹೊರತು ಮೈ ತಂಪಾಗುವುದಿಲ್ಲ.

ಹಾಗಾದರೆ ಇದೇ ನೆಲದಲ್ಲಿ ಸಾವಿರಾರು ವರ್ಷಗಳಿಂದ ಬದುಕಿರುವ ಪ್ರಾಣಿಗಳು, ಜನರು ಹೇಗೆ ಉಳಿದರು? ಅವರು ಬಿಸಿಲನ್ನು ಸಹಿಸಿ ಗೆದ್ದವರಲ್ಲ. ಬಿಸಿಲಿನಿಂದ ತಪ್ಪಿಸಿಕೊಳ್ಳುವುದನ್ನು ಕಲಿತವರು.

ಒಂಟೆಯ ಲೆಕ್ಕಾಚಾರ

ಒಂಟೆಯ ಡುಬ್ಬದಲ್ಲಿ ನೀರಿದೆ ಎಂದು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಅಲ್ಲಿರುವುದು ಕೊಬ್ಬು. ಒಂಟೆ ನೀರು ಉಳಿಸುವ ಬಗೆಯೇ ಬೇರೆ. 1950ರ ದಶಕದಲ್ಲಿ ಸಹಾರಾ ಮರುಭೂಮಿಯಲ್ಲಿ ಒಂಟೆಗಳನ್ನು ಅಧ್ಯಯನ ಮಾಡಿದ ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ನೀರು ಸಿಗದ ಒಂಟೆಯ ಮೈಬಿಸಿ ಬೆಳಗಿನ ಜಾವ 34 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಅಲ್ಲಿಯವರೆಗೆ ಅದು ಬೆವರುವುದು ತೀರಾ ಕಡಿಮೆ. ಹಗಲಿನ ಶಾಖವನ್ನು ಮೈಯಲ್ಲಿ ಕೂಡಿಟ್ಟು, ರಾತ್ರಿಯ ತಂಪಿನಲ್ಲಿ ಹೊರಗೆ ಬಿಡುತ್ತದೆ. ಈ ಒಂದು ಉಪಾಯದಿಂದ ದೊಡ್ಡ ಒಂಟೆಯೊಂದು ದಿನಕ್ಕೆ ಸುಮಾರು 5 ಲೀಟರ್ ನೀರು ಉಳಿಸುತ್ತದೆ.

ದೇಹದ ತೂಕದ ಕಾಲು ಭಾಗದಷ್ಟು ನೀರು ಕಳೆದುಕೊಂಡರೂ ಒಂಟೆ ಬದುಕುತ್ತದೆ. ನೀರು ಸಿಕ್ಕಾಗ ಕೆಲವೇ ನಿಮಿಷಗಳಲ್ಲಿ 100 ಲೀಟರ್‌ನಷ್ಟು ಕುಡಿದು ಸರಿಹೋಗುತ್ತದೆ. ಮನುಷ್ಯನಿಗೆ ಇದರ ಅರ್ಧ ನಷ್ಟವೂ ಪ್ರಾಣಾಪಾಯ. ನಮ್ಮ ಮೈಬಿಸಿ 40 ಡಿಗ್ರಿ ಮುಟ್ಟಿತೆಂದರೆ ಮೆದುಳು ಹಿಡಿತ ತಪ್ಪತೊಡಗುತ್ತದೆ. ಹೀಗಾಗಿ ಒಂಟೆಯಂತೆ ನೀರಿಲ್ಲದೆ ತಡೆದುಕೊಳ್ಳುವುದು ನಮ್ಮಿಂದಾಗದು.

ಅದರಿಂದ ಕಲಿಯಬಹುದಾದದ್ದು ಬೇರೆ ಇದೆ. ಬಿಸಿಲೇರಿದಾಗ ಒಂಟೆಗಳು ಸೂರ್ಯನಿಗೆ ಮುಖ ಮಾಡಿ, ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಮೈಯ ಸ್ವಲ್ಪ ಭಾಗಕ್ಕೆ ಮಾತ್ರ ಬಿಸಿಲು ತಾಗಲಿ ಎಂದು ಈ ಏರ್ಪಾಡು. ಬೆನ್ನ ಮೇಲಿನ ದಟ್ಟ ಕೂದಲು ಕೂಡ ಬಿಸಿಲಿಗೆ ಕೊಡೆ ಇದ್ದಂತೆ. ಅದನ್ನು ಕತ್ತರಿಸಿ ನೋಡಿದಾಗ ಒಂಟೆ ಕಳೆದುಕೊಳ್ಳುವ ನೀರು ಶೇ 50ರಷ್ಟು ಹೆಚ್ಚಿತ್ತು. ಸೆಕೆಯೆಂದು ಅಂಗಿ ಕಳಚಿ ಬಿಸಿಲಲ್ಲಿ ಕೆಲಸಕ್ಕಿಳಿಯುವವರು ನೆನಪಿಡಬೇಕಾದ ಮಾತಿದು.

ಬನ್ನಿ ಮರದ ನೆರಳಲ್ಲಿ ಓರಿಕ್ಸ್

ಉದ್ದ ಕೊಂಬಿನ ಬಿಳಿ ಓರಿಕ್ಸ್ ಈ ನಾಡಿನ ಹೆಮ್ಮೆಯ ಪ್ರಾಣಿ. ಬೇಟೆಯಿಂದಾಗಿ 1972ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಸಾಕಿ ಬೆಳೆಸಿದವುಗಳನ್ನು 1982ರಲ್ಲಿ ಒಮಾನ್‌ನಲ್ಲಿ ಮತ್ತೆ ಮರುಭೂಮಿಗೆ ಬಿಡಲಾಯಿತು. ಇಂದು ದುಬೈಯ ಮರುಭೂಮಿ ಸಂರಕ್ಷಿತ ಪ್ರದೇಶದಲ್ಲೂ ಅವುಗಳ ಹಿಂಡುಗಳಿವೆ. ಓರಿಕ್ಸ್ ಬೇಸಿಗೆಯ ಹಗಲನ್ನು ಮರದ ನೆರಳಲ್ಲಿ ಮರಳು ಕೆದರಿ, ಆ ತಂಪು ಗುಂಡಿಯಲ್ಲಿ ಮಲಗಿ ಕಳೆಯುತ್ತದೆ. ಮೇಯುವುದು ರಾತ್ರಿ ಮತ್ತು ನಸುಕಿನಲ್ಲಿ. ಬೇಕಾದ ನೀರಿನ ಬಹುಪಾಲು ಗಿಡಗಳಿಂದಲೇ ಪಡೆಯುತ್ತದೆ.

ಆ ನೆರಳು ಕೊಡುವ ಮರವನ್ನು ಇಲ್ಲಿ ಘಾಫ್ ಎನ್ನುತ್ತಾರೆ. ಯುಎಇಯ ರಾಷ್ಟ್ರೀಯ ವೃಕ್ಷ ಅದು. ನಮ್ಮವರಿಗೆ ಹೊಸತಲ್ಲ. ವಿಜಯದಶಮಿಯಂದು ನಾವು ‘ಬಂಗಾರ’ ಎಂದು ಎಲೆ ಹಂಚಿಕೊಳ್ಳುವ ಬನ್ನಿ, ಅಂದರೆ ಶಮೀವೃಕ್ಷವೇ ಈ ಘಾಫ್. ನೆಲದಾಳಕ್ಕೆ ಬೇರು ಇಳಿಸಿ ನೀರು ಹುಡುಕುವ ಈ ಮರ ಒಂಟೆಗೆ ಮೇವೂ ಹೌದು, ಮನುಷ್ಯನಿಗೆ ನೆರಳೂ ಹೌದು.

ಎಸಿ ಇಲ್ಲದ ಕಾಲದ ಜನ

ಇಲ್ಲಿನ ಹಿಂದಿನ ಜನರೂ ಅದೇ ದಾರಿ ಹಿಡಿದಿದ್ದರು. ಕರಾವಳಿಯ ಅನೇಕ ಕುಟುಂಬಗಳು ಬೇಸಿಗೆಯಲ್ಲಿ ಅಲ್ ಐನ್, ಲಿವಾದಂಥ ಖರ್ಜೂರದ ತೋಟಗಳಿಗೆ ಹೊರಟುಬಿಡುತ್ತಿದ್ದವು. ಗಾಳಿಯಾಡುವಂತೆ ಖರ್ಜೂರದ ಗರಿಗಳಿಂದ ಮನೆ ಕಟ್ಟುತ್ತಿದ್ದರು. ದುಬೈಯ ಅಲ್ ಫಹೀದಿಯಲ್ಲಿ ಈಗಲೂ ಕಾಣುವ ಗಾಳಿಗೋಪುರಗಳು ಮೇಲಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತಿದ್ದವು. ಅಲ್ ಐನ್‌ನ ತೋಟಗಳಿಗೆ ‘ಫಲಜ್’ ಎಂಬ ಕಾಲುವೆಗಳು ನೆಲದಡಿಯಿಂದ ನೀರು ತರುತ್ತಿದ್ದವು. ಬೀದರ್‌ನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಸುರಂಗ ನೋಡಿದವರಿಗೆ ಈ ತಂತ್ರದ ಪರಿಚಯ ಇದ್ದೇ ಇರುತ್ತದೆ.

ಉಡುಪಿನ ವಿಚಾರದಲ್ಲೂ ಅಷ್ಟೇ. ಬೆಡೂಯಿನ್ ಜನರು ಬಿಸಿಲಲ್ಲಿ ಕಪ್ಪು ನಿಲುವಂಗಿ ತೊಡುವುದು ಏಕೆಂದು ಸಂಶೋಧಕರು ಪರೀಕ್ಷಿಸಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಕಪ್ಪಾಗಲಿ ಬಿಳಿಯಾಗಲಿ, ಸಡಿಲ ಉಡುಪಿನೊಳಗೆ ಮೈಗೆ ತಗಲುವ ಶಾಖ ಒಂದೇ ಎಂದು ಗೊತ್ತಾಯಿತು. ಬಣ್ಣಕ್ಕಿಂತ ಮುಖ್ಯವಾದದ್ದು ಬಟ್ಟೆಯೊಳಗೆ ಗಾಳಿ ಆಡುವ ಜಾಗ.

ದೇಹ ನಿಧಾನವಾಗಿ ಕಲಿಯುತ್ತದೆ, ಬೇಗ ಮರೆಯುತ್ತದೆ

ಮನುಷ್ಯನ ದೇಹಕ್ಕೂ ಶಾಖಕ್ಕೆ ಹೊಂದಿಕೊಳ್ಳುವ ಶಕ್ತಿಯಿದೆ. ದಿನವೂ ಸ್ವಲ್ಪ ಸ್ವಲ್ಪ ಹೊತ್ತು ಬಿಸಿಯಲ್ಲಿ ದುಡಿದರೆ 7ರಿಂದ 14 ದಿನಗಳಲ್ಲಿ ಬದಲಾವಣೆ ಆಗುತ್ತದೆ. ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪಿನಂಶ ಕಡಿಮೆಯಾಗುತ್ತದೆ. ಎದೆಬಡಿತ ಹತೋಟಿಯಲ್ಲಿರುತ್ತದೆ. ಆದರೆ ಒಂದು ವಾರ ಅಥವಾ ಹೆಚ್ಚು ದಿನ ಬಿಸಿಯಿಂದ ದೂರವಿದ್ದರೆ ಈ ಕಲಿಕೆಯ ದೊಡ್ಡ ಪಾಲು ಕರಗಿಹೋಗುತ್ತದೆ.

ಕುಟುಂಬದವರು ಗಮನಿಸಬೇಕಾದ್ದು ಇಲ್ಲಿ. ಹತ್ತು ವರ್ಷ ದುಬೈಯಲ್ಲಿ ದುಡಿದವರೇ ಆಗಲಿ, ಮಳೆಗಾಲದಲ್ಲಿ ಎರಡು ತಿಂಗಳು ಊರಿನಲ್ಲಿದ್ದು ಮರಳಿದರೆ ಕೆಲಸದ ಅನುಭವ ಹಳೆಯದಿರಬಹುದು, ದೇಹ ಮಾತ್ರ ಹೊಸತು. ಹೊರಾಂಗಣ ಕೆಲಸದಲ್ಲಿ ಶಾಖದಿಂದ ಸಂಭವಿಸುವ ಸಾವುಗಳಲ್ಲಿ ಶೇ 50ರಿಂದ 70ರಷ್ಟು ಕೆಲಸದ ಮೊದಲ ಕೆಲವು ದಿನಗಳಲ್ಲೇ ಆಗುತ್ತವೆ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾ ಹೇಳುತ್ತದೆ. ಹೊಸಬರಿಗೆ ಮೊದಲ ದಿನ ಶೇ 20ರಷ್ಟು ಹೊತ್ತು ಮಾತ್ರ ಬಿಸಿಯಲ್ಲಿ ಕೆಲಸ ಕೊಟ್ಟು, ದಿನಕ್ಕೆ ಶೇ 20ರಂತೆ ಏರಿಸಬೇಕು. ರಜೆಯಿಂದ ಮರಳಿದ ಅನುಭವಿಗಳಿಗೆ ಮೊದಲ ದಿನ ಶೇ 50, ಎರಡನೇ ದಿನ 60, ಮೂರನೇ ದಿನ 80, ನಾಲ್ಕನೇ ದಿನ ಪೂರ್ತಿ ಎಂಬುದು ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಸಲಹೆ.

ನಿಯಮ ಏನು ಹೇಳುತ್ತದೆ?

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ನೆರಳು, ತಣ್ಣನೆಯ ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ವ್ಯವಸ್ಥೆಯನ್ನು ಕಂಪನಿಯೇ ಮಾಡಬೇಕು. ತಪ್ಪಿದರೆ ಪ್ರತಿ ಕಾರ್ಮಿಕನ ಲೆಕ್ಕದಲ್ಲಿ 5,000 ದಿರ್ಹಮ್, ಗರಿಷ್ಠ 50,000 ದಿರ್ಹಮ್ ದಂಡ. ನಿಲ್ಲಿಸಲಾಗದ ಕೆಲವು ತುರ್ತು ಕೆಲಸಗಳಿಗೆ ವಿನಾಯಿತಿ ಇದೆ.

ಆದರೆ ಈ ನಿಯಮ ಇರುವುದು ಬಯಲಿನ ಕೆಲಸಕ್ಕೆ. ಅಲ್ ಕೂಜ್‌ನಲ್ಲಿ ತಗಡಿನ ಮಾಡಿನ ಕೆಳಗೆ ವೆಲ್ಡಿಂಗ್ ಮಾಡುವವರಿಗೆ, ಗೋದಾಮಿನಲ್ಲಿ ಲೋಡಿಂಗ್ ಮಾಡುವವರಿಗೆ ಬಿಸಿಲು ತಾಗದಿದ್ದರೂ ಶಾಖ ತಪ್ಪಿದ್ದಲ್ಲ. ಅವರು ನೀರು, ವಿಶ್ರಾಂತಿಯ ಬಗ್ಗೆ ಇನ್ನಷ್ಟು ಎಚ್ಚರ ವಹಿಸಬೇಕು. ರಾತ್ರಿಯ ತಂಪು ಒಂಟೆಗೆ ಎಷ್ಟು ಮುಖ್ಯವೋ ದುಡಿಯುವವರಿಗೂ ಅಷ್ಟೇ ಮುಖ್ಯ. ಕ್ಯಾಂಪಿನ ಕೋಣೆಯ ಎಸಿ ಶೋಕಿಯಲ್ಲ. ಅದು ಕೆಟ್ಟರೆ ಅಂದೇ ದೂರು ಕೊಡಬೇಕು.

ಮನೆಯವರು ಗಮನಿಸಿ

• ಬೇಸಿಗೆಯಲ್ಲಿ ಮರಳುವವರು ವಿಮಾನ ಇಳಿದ ಮರುದಿನವೇ ಡ್ಯೂಟಿಗೆ ಹೋಗುವಂತೆ ಟಿಕೆಟ್ ಮಾಡಬೇಡಿ. ಸಾಧ್ಯವಾದರೆ ಒಂದೆರಡು ದಿನ ಬಿಡುವು ಇರಲಿ. ಮೊದಲ ವಾರ ಓವರ್‌ಟೈಮ್ ಬೇಡವೆಂದು ನೀವೇ ಹೇಳಿ. ಸಾಲದ ಕಂತಿನ ಚಿಂತೆಯಲ್ಲಿರುವವರು ತಾವಾಗಿ ಹೇಳಲಾರರು.

• ಮಧ್ಯಾಹ್ನದ ಬಿಡುವು ನಿದ್ದೆ, ಊಟದ ಹೊತ್ತು. ಮನೆಯ ತಾಪತ್ರಯದ ಮಾತಿಗೆ ಸಂಜೆ ಕರೆ ಮಾಡಿ.

• ಬಿಸಿಯಲ್ಲಿ ದುಡಿಯುವಾಗ ಬಾಯಾರಿಕೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಒಮ್ಮೆಲೇ ಬಾಟಲಿಗಟ್ಟಲೆ ಕುಡಿಯುವುದು ಒಳ್ಳೆಯದಲ್ಲ. ಇಲ್ಲಿನ ಗ್ರೋಸರಿಗಳಲ್ಲಿ ಸಿಗುವ ಲಬನ್ ನಮ್ಮ ಮಜ್ಜಿಗೆಯಂಥದ್ದೇ, ಊಟದ ಜತೆ ಇರಲಿ. ಎನರ್ಜಿ ಡ್ರಿಂಕ್ ನೀರಿಗೆ ಬದಲಿಯಲ್ಲ.

• ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಊರಿನಿಂದ ಹೊರಡುವ ಮೊದಲೇ ವೈದ್ಯರಿಗೆ ತಮ್ಮ ಕೆಲಸದ ಬಗೆ ತಿಳಿಸಿ ಸಲಹೆ ಪಡೆಯಲಿ. ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು ನೀರಿನಂಶ ಕಡಿಮೆ ಮಾಡುತ್ತವೆ. ಆದರೆ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

• ಫೋನಿನಲ್ಲಿ ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ ‘ಸುಸ್ತು’ ಎಂದು ಬಿಡಬೇಡಿ. ಅದು ಶಾಖಾಘಾತದ ಲಕ್ಷಣವಿರಬಹುದು. ಬೆವರುತ್ತಿದ್ದರೂ ಶಾಖಾಘಾತ ಆಗಬಹುದು. ಜತೆಯವರೊಬ್ಬರ ನಂಬರ್ ಯಾವಾಗಲೂ ನಿಮ್ಮಲ್ಲಿರಲಿ. ಆಂಬುಲೆನ್ಸ್ ಬರುವವರೆಗೆ ನೆರಳಿಗೆ ಒಯ್ದು ಮೈಗೆ ತಣ್ಣೀರು ಸುರಿದು ಗಾಳಿ ಬೀಸಲು ಅವರಿಗೆ ಹೇಳಿ.

• ಯುಎಇಯೊಳಗೆ ಆಂಬುಲೆನ್ಸ್‌ಗೆ 998. ಮಧ್ಯಾಹ್ನದ ಬಿಡುವು ಕೊಡದಿದ್ದರೆ ಕಾರ್ಮಿಕ ಸಚಿವಾಲಯದ 600590000ಕ್ಕೆ ದೂರು ಕೊಡಬಹುದು. ಭಾರತೀಯರ ನೆರವಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಕರೆ ಸಂಖ್ಯೆ 80046342. ಈ ಮೂರೂ ನಂಬರ್ ಅವರ ಮೊಬೈಲ್‌ನಲ್ಲಿ ಇವೆಯೇ ಎಂದು ಇವತ್ತೇ ಕೇಳಿ.