ಹವಳದ ಗೋಡೆಯ ಮರೆಯಲ್ಲಿ ದೋಣಿ

ಮಕ್ಕಳೇ, ಬಸ್ಸು ನಿಲ್ಲಲು ನಿಲ್ದಾಣವಿದೆ. ಆದರೆ ಕಡಲ ನಡುವಿನ ಪುಟ್ಟ ದ್ವೀಪಕ್ಕೆ ಹೋದ ದೋಣಿ ಎಲ್ಲಿ ನಿಲ್ಲಬೇಕು? ಗಾಳಿ ಮತ್ತು ಅಲೆಗಳು ಅದನ್ನು ದಡಕ್ಕೆ ಅಪ್ಪಳಿಸಿ ಒಡೆದುಬಿಡಬಹುದಲ್ಲವೇ?

ಲಕ್ಷದ್ವೀಪದ ಉದಾಹರಣೆ ನೋಡೋಣ. ಇದು ನಮಗೆ ತೀರಾ ಅಪರಿಚಿತವಲ್ಲ. ಮಂಗಳೂರಿನ ಹಳೆ ಬಂದರಿನಿಂದ 'ಮಂಜಿ' ಎಂಬ ಸರಕು ದೋಣಿಗಳು ಬಹುಕಾಲದಿಂದ ಅಲ್ಲಿಗೆ ಸಾಮಾನು ಸಾಗಿಸುತ್ತಾ ಬಂದಿವೆ. ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು!

ಅಲೆಯನ್ನು ತಡೆಯುವವರು ಯಾರು?

ಹವಳ ಒಂದು ಸಣ್ಣ ಪ್ರಾಣಿ. ಅದು ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದ ಅಂಶದಿಂದ ಗಟ್ಟಿ ಗೂಡು ಕಟ್ಟುತ್ತದೆ. ಇಂಥ ಕೋಟ್ಯಂತರ ಗೂಡುಗಳು ಸಾವಿರಾರು ವರ್ಷ ಸೇರಿ ಹವಳದ ದಿಬ್ಬವಾಗುತ್ತದೆ. ಲಕ್ಷದ್ವೀಪದಲ್ಲಿ ಸಾಮಾನ್ಯವಾಗಿ ಪೂರ್ವಕ್ಕೆ ದ್ವೀಪ, ಪಶ್ಚಿಮಕ್ಕೆ ದಿಬ್ಬ, ನಡುವೆ ಆಳವಿಲ್ಲದ ಶಾಂತ ನೀರು. ಈ ನೀರನ್ನು 'ಲಗೂನ್' ಎನ್ನುತ್ತಾರೆ.

ಆಳ ಕಡಿಮೆಯಾದಂತೆ ಅಲೆಯ ವೇಗ ತಗ್ಗಿ, ಎತ್ತರ ಹೆಚ್ಚುತ್ತದೆ. ಕೊನೆಗೆ ಅದರ ತುದಿ ಮುಂದಕ್ಕೆ ಬಾಗಿ ಒಡೆಯುತ್ತದೆ. 1 ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳದಲ್ಲಿ ಒಡೆಯುತ್ತದೆ. ಅದರ ಶಕ್ತಿಯ ಬಹುಪಾಲು ದಿಬ್ಬದ ಮೇಲೆಯೇ ಕಳೆದುಹೋಗುತ್ತದೆ. ಆದ್ದರಿಂದ ಒಳಗಿನ ದೋಣಿ ಕ್ಷೇಮ.

ನೀರಿನ ಬಣ್ಣ ಓದಿ

ಅಲೆಯನ್ನು ತಡೆಯುವ ದಿಬ್ಬವೇ ದೋಣಿಯ ತಳವನ್ನೂ ಸೀಳಬಲ್ಲದು. ಹಾಗಾಗಿ ದಿಬ್ಬದ ನಡುವಿನ ಕಿರಿದಾದ ದಾರಿ ಹುಡುಕಿ ಒಳಬರಬೇಕು. ಕಡುನೀಲಿ ಎಂದರೆ ಆಳ. ತಿಳಿ ಹಸಿರು ಎಂದರೆ ಕಡಿಮೆ ಆಳ, ಕೆಳಗೆ ಬಿಳಿ ಮರಳು. ಕಂದು ಬಣ್ಣ ಕಂಡರೆ ಎಚ್ಚರ, ಅಲ್ಲಿ ಹವಳವಿರಬಹುದು! ಸೂರ್ಯ ಮೇಲೇರಿ ಬೆನ್ನ ಹಿಂದಿದ್ದರೆ ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಎದುರಿಗಿದ್ದರೆ ನೀರು ಕನ್ನಡಿಯಂತೆ ಹೊಳೆದು ಕಣ್ಣು ಕುಕ್ಕುತ್ತದೆ.

ಲಂಗರು ಎಲ್ಲಿ ಹಾಕಬೇಕು?

ಮೊದಲು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ಆಳ ಅಳೆಯಬೇಕು. ಸಮುದ್ರದ ನೀರು ಇಳಿದಾಗಲೂ ದೋಣಿ ತೇಲುವಷ್ಟು ಆಳ ಬೇಕು. ಲಂಗರಿನ ಹಗ್ಗ ಆಳದ ಕನಿಷ್ಠ 5 ಪಟ್ಟು ಉದ್ದವಿರಬೇಕು. ಆಳ 4 ಮೀಟರ್ ಆದರೆ ಹಗ್ಗ 20 ಮೀಟರ್. ಏಕೆ ಗೊತ್ತೇ? ಹಗ್ಗ ಚಿಕ್ಕದಾದರೆ ದೋಣಿ ಲಂಗರನ್ನು ಮೇಲಕ್ಕೆ ಎಳೆದು ಕಿತ್ತುಬಿಡುತ್ತದೆ. ಉದ್ದವಾದರೆ ಎಳೆತ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಲಂಗರು ಮರಳಿನಲ್ಲಿ ಇನ್ನಷ್ಟು ಹೂತುಕೊಳ್ಳುತ್ತದೆ. ಗಾಳಿ ದಿಕ್ಕು ಬದಲಿಸಿದಾಗ ದೋಣಿ ಲಂಗರಿನ ಸುತ್ತ ತಿರುಗುತ್ತದೆ. ಆದ್ದರಿಂದ ಸುತ್ತಲೂ ಹವಳವಿಲ್ಲದ ಜಾಗ ಬೇಕು.

ಲಂಗರನ್ನು ಹವಳದ ಮೇಲೆ ಎಸೆಯಲೇಬಾರದು. ಹಗ್ಗ ತಿಕ್ಕಿ ತುಂಡಾಗಬಹುದು, ಹವಳವೂ ಮುರಿಯುತ್ತದೆ. ಮುರಿದದ್ದು ಮತ್ತೆ ಬೆಳೆಯಲು ಹಲವು ವರ್ಷ ಬೇಕು. ಈಗಾಗಲೇ 1998, 2010 ಮತ್ತು 2016ರಲ್ಲಿ ಕಡಲ ನೀರು ಅತಿಯಾಗಿ ಬಿಸಿಯಾಗಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡು, ಬಹಳಷ್ಟು ಸತ್ತವು. ದಿಬ್ಬ ಸವೆದರೆ ದೋಣಿಗೆ ಮಾತ್ರವಲ್ಲ, ದಡದ ಮನೆಗಳಿಗೂ ಅಲೆಯಿಂದ ರಕ್ಷಣೆಯಿಲ್ಲ.

ಮಾಡಿ ನೋಡಿ

ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ. ನಡುವೆ ಕಲ್ಲುಗಳನ್ನು ಸಾಲಾಗಿ ಜೋಡಿಸಿ, ಅವು ನೀರಿನಲ್ಲಿ ಸ್ವಲ್ಪವೇ ಮುಳುಗಿರಲಿ. ಒಂದು ಬದಿಯಲ್ಲಿ ಕಾಗದದ ದೋಣಿ ಬಿಟ್ಟು, ಇನ್ನೊಂದು ಬದಿಯಲ್ಲಿ ಅಳತೆಪಟ್ಟಿಯಿಂದ ಅಲೆ ಎಬ್ಬಿಸಿ. ಅನಂತರ ಕಲ್ಲು ತೆಗೆದು ಹಾಗೆಯೇ ಮಾಡಿ. ದೋಣಿ ಯಾವಾಗ ಹೆಚ್ಚು ಅಲುಗಾಡಿತು? ಏಕೆ? ನಿಮ್ಮ ಉತ್ತರವನ್ನು ಪುಸ್ತಕದಲ್ಲಿ ಬರೆಯಿರಿ.