ಚಿತ್ರದ ಅಂಚೂ ಗಿಡದ ಹೆಸರೂ

ಮಳೆಗಾಲದಲ್ಲಿ ಕಾಸರಗೋಡಿನ ಮುರಕಲ್ಲಿನ ಪದವುಗಳ ಮೇಲೆ ಅರಳುವ ನೀಲಿ ಯುಟ್ರಿಕ್ಯುಲೇರಿಯಾ, ಕೀಟ ಹಿಡಿಯುವ ಡ್ರೋಸೆರಾ ಇವುಗಳ ಸಮೀಪಚಿತ್ರಗಳನ್ನು ನಮ್ಮ ಮಕ್ಕಳು ಮೊಬೈಲಿನಲ್ಲೇ ತೆಗೆದು ಅಂತರ್ಜಾಲಕ್ಕೆ ಏರಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಅದಕ್ಕೆ ಮುನ್ನ ಮಾಡುವ ಅಲಂಕಾರವು ಎಷ್ಟೋ ಸಲ ಗಿಡದ ಗುರುತನ್ನೇ ಅಳಿಸುವುದನ್ನು ನಾವು ಕಾಣುತ್ತಿದ್ದೇವೆ.

ಅಂಚು ಕತ್ತರಿಸುವುದನ್ನೇ ನೋಡೋಣ. 4000ಕ್ಕೆ 3000 ಬಿಂದುಗಳ ಚಿತ್ರದ ಅಗಲ, ಎತ್ತರಗಳನ್ನು ಅರ್ಧಕ್ಕಿಳಿಸಿದರೆ 1 ಕೋಟಿ 20 ಲಕ್ಷ ಬಿಂದುಗಳಲ್ಲಿ ಉಳಿಯುವುವು 30 ಲಕ್ಷ. ಪರದೆಗೆ ಅಷ್ಟು ಧಾರಾಳ. ನಷ್ಟವಾಗುವುದು ಬೇರೆಯದು. ನೆಲಕ್ಕಂಟಿದ ಎಲೆಗಳ ವೃತ್ತವಿದ್ದರೆ ಡ್ರೋಸೆರಾ ಬರ್ಮಾನಿ, ನೀಳವಾದ ಎಲೆಗಳಿದ್ದರೆ ಡ್ರೋಸೆರಾ ಇಂಡಿಕಾ. ಹೂವನ್ನಷ್ಟೇ ಉಳಿಸಿ ಕತ್ತರಿಸಿದರೆ, 2008ರಲ್ಲಿ ಆರಂಭವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣದಲ್ಲಿ ಅದನ್ನು ನೋಡುವ ತಜ್ಞರು ಹೆಸರು ಹೇಳುವುದೆಂತು?

ಬಣ್ಣದ ಗಾಢತೆಯನ್ನು ಮಿತಿಮೀರಿ ಏರಿಸಿದರೆ ನೀಲಿ ದಳದ ನವುರಾದ ಗೆರೆಗಳು ಕರಗಿ ಬಣ್ಣದ ಮುದ್ದೆಯೊಂದೇ ಉಳಿಯುವುದು. ಬಿಳಿಯು ಬಿಳಿಯಾಗಿ ಕಾಣುವಂತೆ ಮೊದಲು ಸರಿಪಡಿಸಿ, ಎಸ್‌ಆರ್‌ಜಿಬಿ ಕ್ರಮದಲ್ಲಿ ಉಳಿಸಿದರೆ ಬಹುಪಾಲು ಪರದೆಗಳಲ್ಲಿ ಬಣ್ಣಗಳು ಹೆಚ್ಚುಕಡಿಮೆ ಒಂದೇ ತೆರನಾಗಿ ತೋರುವುವು. ಚೌಕಟ್ಟಿಗೆ ತೆಳುವಾದ ಬೂದುಗೆರೆ ಸಾಕು. ಹೊಂಬಣ್ಣದ ಬಳ್ಳಿಗಳು ಮದುವೆಯ ಆಲ್ಬಮ್ಮಿಗಿರಲಿ!

ತಿದ್ದದ ಮೂಲಪ್ರತಿಯನ್ನು ಮಾತ್ರ ಅಳಿಸಬಾರದು. ಕತ್ತರಿಸಿದ ಎಲೆ ಅದರಲ್ಲಿರುತ್ತದೆ. ಚಿತ್ರ ತೆಗೆದ ದಿನ, ವೇಳೆಗಳೂ ಸಾಮಾನ್ಯವಾಗಿ ಅದರೊಳಗೆ ದಾಖಲಾಗಿರುತ್ತವೆ.