ಬಾತುಬೇಟೆಯ ತೋಟಾದಲ್ಲಿ ಸೀಸದ ಬದಲು ಉಕ್ಕು ಏಕೆ?

ಅಮೆರಿಕದಲ್ಲಿ ಬಾತುಬೇಟೆಗೆ ತೋಟಾ ಕೊಳ್ಳುವವರು ಮೊದಲು ನೋಡಬೇಕಾದದ್ದು ಅದರೊಳಗೆ ಯಾವ ಲೋಹವಿದೆ ಎಂಬುದನ್ನು. ಸೀಸವಿದ್ದರೆ ಅದನ್ನು ಬಾತು, ಹೆಬ್ಬಾತುಗಳ ಮೇಲೆ ಹಾರಿಸುವಂತಿಲ್ಲ. 1991ರಿಂದ ಇಡೀ ದೇಶದಲ್ಲಿ ಈ ನಿಯಮ ಜಾರಿಯಲ್ಲಿದೆ. ಆದರೂ ‘ಉಕ್ಕಿಗೆ ಕಸುವಿಲ್ಲ, ಸೀಸವೇ ಸರಿ’ ಎಂಬ ಮಾತು ಹಳೆಯ ಬೇಟೆಗಾರರ ಬಾಯಲ್ಲಿ ಇನ್ನೂ ಉಳಿದಿದೆ. ಇದರಲ್ಲಿ ಎಷ್ಟು ನಿಜವಿದೆ, ಎಷ್ಟು ತಪ್ಪು ತಿಳಿವಳಿಕೆಯಿದೆ ಎಂಬುದನ್ನು ಈ ಬರಹದಲ್ಲಿ ನೋಡೋಣ.

ಅದಕ್ಕೂ ಮೊದಲು ಒಂದು ಮಾತು. ನಮ್ಮ ದೇಶದಲ್ಲಿ ಕಾಡುಬಾತುಗಳ ಬೇಟೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನಾವು ದುರ್ಬೀನಿನಲ್ಲಿ ನೋಡಿ ಸಂತೋಷಪಡಬಹುದು, ಅಷ್ಟೇ. ಇಲ್ಲಿ ಹೇಳಹೊರಟಿರುವುದು ಬೇಟೆಗೆ ಪರವಾನಗಿ ಇರುವ ದೇಶಗಳ ವಿಷಯ.

ತೋಟಾದೊಳಗೆ ಏನಿರುತ್ತದೆ?

ಹಾರುವ ಹಕ್ಕಿಗೆ ಒಂಟಿ ಗುಂಡಿನಿಂದ ಗುರಿಯಿಡುವುದು ಬಹಳ ಕಷ್ಟ. ಅದಕ್ಕಾಗಿ ಬಳಸುವುದು ಶಾಟ್‌ಗನ್, ಅಂದರೆ ಒಂದೇ ಸಲಕ್ಕೆ ನೂರಾರು ಸಣ್ಣ ಗುಂಡುಗಳನ್ನು ಎರಚುವ ಕೋವಿ. ಈ ಸಣ್ಣ ಗುಂಡುಗಳಿಗೆ ಚರೆ ಎನ್ನುತ್ತಾರೆ. ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಅದರ ಮೇಲೆ ಮದ್ದು, ಮದ್ದಿನ ಮೇಲೆ ವಾಡ್ ಎಂಬ ಪ್ಲಾಸ್ಟಿಕ್ ಬಟ್ಟಲು, ಆ ಬಟ್ಟಲಿನೊಳಗೆ ಚರೆ ಇರುತ್ತವೆ.

ಚರೆಯ ಗಾತ್ರವನ್ನು ನಂಬರಿನಲ್ಲಿ ಹೇಳುತ್ತಾರೆ. ನಂಬರು ಹೆಚ್ಚಿದಷ್ಟೂ ಚರೆ ಚಿಕ್ಕದು. 6ನೇ ನಂಬರಿನ ಚರೆಯ ಅಡ್ಡಳತೆ ಸುಮಾರು 2.8 ಮಿಲಿಮೀಟರ್, 4ನೇ ನಂಬರಿನದು 3.3, 2ನೇ ನಂಬರಿನದು 3.8. ಹೆಬ್ಬಾತುಗಳಿಗೆ ಬಳಸುವ ‘ಬಿಬಿ’ ಚರೆ ಸುಮಾರು 4.6 ಮಿಲಿಮೀಟರ್ ಇರುತ್ತದೆ.

ಗುರಿ ತಪ್ಪಿದ ಚರೆ ಎಲ್ಲಿಗೆ ಹೋಗುತ್ತವೆ?

ಒಂದು ತೋಟಾದ ಚರೆಗಳಲ್ಲಿ ಹಕ್ಕಿಗೆ ತಗಲುವುದು ಕೆಲವೇ ಕೆಲವು. ಉಳಿದವು ಕೆರೆ, ಜೌಗು, ಗದ್ದೆಗಳಲ್ಲಿ ಬೀಳುತ್ತವೆ. ವರ್ಷವರ್ಷವೂ ಅದೇ ಜಾಗದಲ್ಲಿ ಬೇಟೆ ನಡೆದರೆ ಕೆಸರಿನಲ್ಲಿ ಚರೆಗಳ ರಾಶಿಯೇ ಸೇರಿಕೊಳ್ಳುತ್ತದೆ.

ಬಾತಿಗೆ ಹಲ್ಲಿಲ್ಲ. ನುಂಗಿದ ಕಾಳುಗಳನ್ನು ಅರೆಯಲು ಅದರ ಹೊಟ್ಟೆಯಲ್ಲಿ ಗಿಝರ್ಡ್ ಎಂಬ ಗಟ್ಟಿ ಸ್ನಾಯುಚೀಲವಿದೆ. ಈ ಚೀಲದಲ್ಲಿ ಬೀಸುವ ಕಲ್ಲಿನ ಕೆಲಸ ಮಾಡಲೆಂದು ಬಾತು ಕೆಸರಿನಿಂದ ಸಣ್ಣ ಹರಳುಗಳನ್ನು ಹೆಕ್ಕಿ ನುಂಗುತ್ತದೆ. ಅದರ ಕೊಕ್ಕಿಗೆ ಹರಳು ಯಾವುದು, ಸೀಸದ ಚರೆ ಯಾವುದು ಎಂದು ತಿಳಿಯುವುದಿಲ್ಲ. ಒಳಗೆ ಹೋದ ಚರೆ ಹರಳುಗಳ ನಡುವೆ ಸವೆಯುತ್ತದೆ, ಹೊಟ್ಟೆಯ ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ. ಸೀಸವು ರಕ್ತದ ಹಿಮೋಗ್ಲೋಬಿನ್ ತಯಾರಿಯನ್ನು ತಡೆಯುತ್ತದೆ, ನರಗಳನ್ನು ಕೆಡಿಸುತ್ತದೆ. ಹಕ್ಕಿಯ ರೆಕ್ಕೆ ಜೋಲುತ್ತದೆ, ತಿಂದದ್ದು ಮುಂದಕ್ಕೆ ಹೋಗುವುದಿಲ್ಲ. ಎರಡು ಮೂರು ವಾರಗಳಲ್ಲಿ ಅದು ಸೊರಗಿ ಸಾಯಬಹುದು. ಇದಕ್ಕೆ ಒಂದೆರಡು ಚರೆ ಸಾಕು.

ಹೀಗೆ ಸಾಯುವ ಹಕ್ಕಿಗಳು ಹುಲ್ಲಿನ ನಡುವೆ ಒಂದೊಂದಾಗಿ ಅಡಗಿ ಸಾಯುತ್ತವೆ, ನರಿ-ಹದ್ದುಗಳ ಪಾಲಾಗುತ್ತವೆ. ಆದ್ದರಿಂದಲೇ ‘ನಮ್ಮ ಕೆರೆಯಲ್ಲಿ ಸತ್ತ ಬಾತು ಕಾಣುತ್ತಿಲ್ಲವಲ್ಲ’ ಎಂದು ಬೇಟೆಗಾರರು ಬಹಳ ಕಾಲ ನಂಬಿದ್ದರು. 1894ರಲ್ಲೇ ಜಾರ್ಜ್ ಬರ್ಡ್ ಗ್ರಿನ್ನೆಲ್ ಈ ವಿಷದ ಬಗ್ಗೆ ‘ಫಾರೆಸ್ಟ್ ಅಂಡ್ ಸ್ಟ್ರೀಮ್’ ಪತ್ರಿಕೆಯಲ್ಲಿ ಎಚ್ಚರಿಸಿದ್ದರು. 1959ರಲ್ಲಿ ಇಲಿನಾಯ್‌ನ ಫ್ರಾಂಕ್ ಬೆಲ್‌ರೋಸ್, ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ಪ್ರತಿವರ್ಷ ಶೇ. 2ರಿಂದ 3ರಷ್ಟು ಸೀಸದಿಂದ ಸಾಯುತ್ತವೆ ಎಂದು ಅಂದಾಜು ಮಾಡಿದರು. ಸೀಸ ತುಂಬಿದ ಬಾತುಗಳನ್ನು ತಿಂದ ಬೋಳುತಲೆ ಹದ್ದುಗಳೂ ಸಾಯುತ್ತಿರುವುದು ಗೊತ್ತಾದಾಗ ನಿಷೇಧದ ಒತ್ತಾಯ ಬಲವಾಯಿತು. ಆ ಹದ್ದು ಅಮೆರಿಕದ ರಾಷ್ಟ್ರಲಾಂಛನದ ಹಕ್ಕಿ.

ಉಕ್ಕಿಗೆ ಕಸುವಿಲ್ಲ ಎಂಬುದು ನಿಜವೇ?

ಅರ್ಧ ನಿಜ. ಒಂದು ಘನ ಸೆಂಟಿಮೀಟರ್ ಸೀಸ ಸುಮಾರು 11.3 ಗ್ರಾಂ ತೂಗಿದರೆ ಉಕ್ಕು 7.8 ಗ್ರಾಂ ತೂಗುತ್ತದೆ. ಕ್ರಿಕೆಟ್ ಚೆಂಡನ್ನೂ ಅದೇ ಗಾತ್ರದ ಥರ್ಮೋಕೋಲ್ ಚೆಂಡನ್ನೂ ಒಂದೇ ವೇಗದಲ್ಲಿ ಎಸೆದು ನೋಡಿ. ಗಾಳಿ ಎರಡನ್ನೂ ಒಂದೇ ಬಗೆಯಲ್ಲಿ ತಡೆಯುತ್ತದೆ, ಆದರೆ ಹಗುರವಾದದ್ದು ಬೇಗ ನಿಧಾನವಾಗುತ್ತದೆ. ಒಂದೇ ನಂಬರಿನ ಉಕ್ಕು ಮತ್ತು ಸೀಸದ ಚರೆಗಳ ನಡುವೆ ಇರುವುದೂ ಇದೇ ವ್ಯತ್ಯಾಸ, ಅಷ್ಟು ದೊಡ್ಡದಲ್ಲ ಅಷ್ಟೇ.

ಇದಕ್ಕೆ ಪರಿಹಾರ ಚರೆಯ ಗಾತ್ರ ಹೆಚ್ಚಿಸುವುದು. ‘ಸೀಸಕ್ಕಿಂತ ಎರಡು ನಂಬರು ದೊಡ್ಡ ಉಕ್ಕು’ ಎಂಬುದು ಬೇಟೆಗಾರರ ರೂಢಿಯ ಸೂತ್ರ. 6ನೇ ನಂಬರಿನ ಸೀಸದ ಚರೆ ಸುಮಾರು 0.13 ಗ್ರಾಂ, 4ನೇ ನಂಬರಿನ ಉಕ್ಕಿನದು ಸುಮಾರು 0.15 ಗ್ರಾಂ. ತೂಕದಲ್ಲಿ ಉಕ್ಕು ಮುಂದಾಯಿತು. ಆದರೆ ಅದರ ಮೈಯೂ ಅಗಲವಾದ್ದರಿಂದ ಗಾಳಿಯ ತಡೆಯೂ ಹೆಚ್ಚು, ಕೊರತೆ ಪೂರ್ತಿ ನೀಗುವುದಿಲ್ಲ. ಹಾಗಾಗಿ ಉಕ್ಕಿನ ತೋಟಾಗಳನ್ನು ಹೆಚ್ಚು ವೇಗಕ್ಕೆ ತಯಾರಿಸುತ್ತಾರೆ. ಇಲ್ಲೂ ಒಂದು ಮಿತಿಯಿದೆ: ವೇಗ ಹೆಚ್ಚಿದಂತೆ ಗಾಳಿಯ ತಡೆ ಇನ್ನೂ ಜೋರಾಗಿ ಹೆಚ್ಚುವುದರಿಂದ ಗಳಿಸಿದ ವೇಗದ ಬಹುಪಾಲು ದಾರಿಯಲ್ಲೇ ಸೋರಿಹೋಗುತ್ತದೆ.

ಉಕ್ಕಿನ ಪರವಾಗಿಯೂ ಒಂದು ಅಂಶವಿದೆ. ಸೀಸ ಮೆದು. ಕೋವಿಯ ನಳಿಗೆಯಲ್ಲಿ ಚರೆಗಳು ಒತ್ತಿಕೊಂಡು ಚಪ್ಪಟೆಯಾಗಿ ಅಡ್ಡಾದಿಡ್ಡಿ ಹಾರುತ್ತವೆ. ಉಕ್ಕಿನ ಚರೆ ದುಂಡಗೇ ಉಳಿದು ಒತ್ತಾಗಿ ಹೋಗುತ್ತವೆ. ಆದ್ದರಿಂದ ಉಕ್ಕಿಗೆ ನಳಿಗೆಯ ಬಾಯಿ ಹೆಚ್ಚು ಬಿಗಿಯಾಗಿರಬೇಕಿಲ್ಲ.

ಹಾಗಾದರೆ ಯಾವುದನ್ನು ಆರಿಸುತ್ತಾರೆ?

ಬಾತಿಗೆ ಸಾಮಾನ್ಯವಾಗಿ 2ರಿಂದ 4ನೇ ನಂಬರಿನ ಉಕ್ಕು, ಹೆಬ್ಬಾತಿಗೆ ಬಿಬಿ ಅಥವಾ ಅದರ ಆಸುಪಾಸಿನದು. ‘ದೊಡ್ಡ ಚರೆಯಾದರೆ ಇನ್ನೂ ಒಳ್ಳೆಯದು’ ಎಂಬುದೂ ತಪ್ಪು ನಂಬಿಕೆಯೇ. 35 ಗ್ರಾಂ ಉಕ್ಕಿನಲ್ಲಿ 2ನೇ ನಂಬರಿನ ಚರೆ ಸುಮಾರು 155 ಬಂದರೆ ಬಿಬಿ 90 ಮಾತ್ರ. ಚರೆ ಕಡಿಮೆಯಾದಷ್ಟೂ ಅವುಗಳ ನಡುವಿನ ತೆರಪು ದೊಡ್ಡದಾಗುತ್ತದೆ, ಸಣ್ಣ ಹಕ್ಕಿಗೆ ಒಂದೋ ಎರಡೋ ತಗಲಿ ಅದು ಗಾಯಗೊಂಡು ಹಾರಿಹೋಗಬಹುದು. ತೀರಾ ಚಿಕ್ಕ ಚರೆಯಾದರೆ ಹೆಬ್ಬಾತಿನ ದಪ್ಪ ಗರಿ, ಮಾಂಸಗಳನ್ನು ದಾಟಿ ಒಳಗೆ ಇಳಿಯುವುದಿಲ್ಲ. ಎರಡರಲ್ಲೂ ಫಲ ಒಂದೇ: ಎಲ್ಲೋ ಬಿದ್ದು ನರಳಿ ಸಾಯುವ ಹಕ್ಕಿ. ಹಾಗಾಗಿ ಚರೆಯ ಆಯ್ಕೆಗಿಂತಲೂ ದೊಡ್ಡ ಮಾತು ದೂರ. ಸೀಸದ ಕಾಲದ ಅಭ್ಯಾಸದಂತೆ ದೂರದಿಂದ ಹೊಡೆಯದೆ, 30-35 ಮೀಟರಿನೊಳಗೆ ಬರುವ ತನಕ ಕಾಯಬೇಕು.

ಉಕ್ಕಲ್ಲದೆ ಬೇರೆ ಲೋಹಗಳೂ ಇವೆ. ಬಿಸ್ಮತ್ ಉಕ್ಕಿಗಿಂತ ಭಾರ, ಮೆದು. ಗಟ್ಟಿ ಉಕ್ಕಿನಿಂದ ಕೆಡಬಹುದಾದ ಹಳೆಯ ಕೋವಿಗಳಿಗೆ ಇದು ಒಗ್ಗುತ್ತದೆ. ಟಂಗ್‌ಸ್ಟನ್ ಮಿಶ್ರಲೋಹಗಳಲ್ಲಿ ಕೆಲವು ಸೀಸಕ್ಕಿಂತಲೂ ಭಾರ. ಆದರೆ ಎರಡೂ ದುಬಾರಿ.

ನಿಷೇಧದಿಂದ ಫಲ ಸಿಕ್ಕಿತೇ?

ಸಿಕ್ಕಿತು. ಮಿಸಿಸಿಪಿ ವಲಸೆದಾರಿಯ ಬಾತುಗಳ ಗಿಝರ್ಡ್‌ಗಳನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಅಲ್ಲಿನ ಮಲಾರ್ಡ್ ಬಾತುಗಳಲ್ಲಿ ಸೀಸದ ವಿಷದಿಂದಾಗುವ ಸಾವು ಶೇ. 64ರಷ್ಟು ಇಳಿದಿತ್ತು. 1997ರ ಒಂದೇ ವಲಸೆಯಲ್ಲಿ ಸುಮಾರು 14 ಲಕ್ಷ ಬಾತುಗಳು ಉಳಿದವು ಎಂದು ಅವರು ಅಂದಾಜಿಸಿದರು. ಕೆನಡಾ 1999ರಲ್ಲಿ ಇದೇ ದಾರಿ ಹಿಡಿಯಿತು. ಯುರೋಪಿಯನ್ ಒಕ್ಕೂಟದ ಜೌಗುಪ್ರದೇಶಗಳಲ್ಲಿ 2023ರ ಫೆಬ್ರವರಿಯಿಂದ ಸೀಸದ ಚರೆಗೆ ತಡೆಯಿದೆ.

ಅಂದರೆ, ದೂರದಲ್ಲಿ ಉಕ್ಕು ಸೀಸದಷ್ಟು ಕಸುವಿನದಲ್ಲ ಎಂಬುದು ನಿಜ. ತಕ್ಕ ನಂಬರನ್ನು ಆರಿಸಿಕೊಂಡು, ಹಕ್ಕಿ ಹತ್ತಿರ ಬರುವ ತನಕ ಕಾದರೆ ಆ ಕೊರತೆ ತುಂಬುತ್ತದೆ. ಆದರೆ ಕೆಸರಿಗೆ ಬಿದ್ದ ಸೀಸ, ಕೋವಿ ಹಿಡಿದವರು ಮನೆಗೆ ಹೋದ ಎಷ್ಟೋ ವರ್ಷಗಳ ನಂತರವೂ ಕೊಲ್ಲಬಲ್ಲದು.